ಢಾಕಾ ಸೋಲಿಗೆ ಕೋಚ್ ಎಷ್ಟು ಹೊಣೆ?

2025ರ ನವೆಂಬರ್ 18ರ ರಾತ್ರಿ ಢಾಕಾದಲ್ಲಿ ಏಷ್ಯಾ ಕಪ್ ಫುಟ್‌ಬಾಲ್ ಕ್ವಾಲಿಫೈಯರ್‌ನಲ್ಲಿ ಬಾಂಗ್ಲಾದೇಶ ನಮ್ಮನ್ನ 1-0ರಲ್ಲಿ ಸೋಲಿಸ್ತಲ್ಲ, ಅವತ್ತು ಶುರುವಾದ ಜಗಳ ನಮ್ ಕಡೆ ಇನ್ನೂ ನಿಂತಿಲ್ಲ. ಹಾಸನದಲ್ಲಿ ಸಾಯಂಕಾಲ ದುಡ್ಡು ಹಾಕ್ಕೊಂಡು ಟರ್ಫ್ ಬುಕ್ ಮಾಡಿ ಆಡೋ ಹುಡುಗ್ರು, ಸಕಲೇಶಪುರ ಮೂಡಿಗೆರೆ ಕಡೆ ಕೆಲ್ಸ ಮುಗಿಸಿ ಮೊಬೈಲಲ್ಲಿ ಮ್ಯಾಚ್ ನೋಡೋರು, ಚಿಕ್ಕಮಗಳೂರಿನ ಐ.ಜಿ. ರೋಡಲ್ಲಿ ಟೀ ಕುಡೀತಾ ನಿಂತಿರೋ ಕಾಲೇಜ್ ಹುಡುಗ್ರು, ಎಲ್ರೂ ಎರಡು ಪಾರ್ಟಿ ಆಗಿದಾರೆ. "ಅಣ್ಣಾ, ಮೊದ್ಲು ಈ ಕೋಚ್ ಖಾಲಿದ್ ಜಮೀಲ್‌ನ ಮನೆಗೆ ಕಳಿಸ್ಬೇಕು" ಅಂತ ಒಬ್ಬ ಅಂದ್ರೆ "ಸುಮ್ನಿರಪ್ಪ, ಆಗಸ್ಟಲ್ಲಿ ಬಂದೋರು ನವೆಂಬರ್‌ಗೆ ಏನ್ ಮಾಡೋಕಾಗುತ್ತೆ" ಅಂತ ಇನ್ನೊಬ್ರು.

ತಲೆ ಕೆಡೋಕೆ ಕಾರಣಾನೂ ಇದೆ. ಅದಕ್ಕೂ ಮುಂಚೆ ಬಾಂಗ್ಲಾದೇಶದ ಎದುರು ನಾವು ಕೊನೇ ಸಲ ಸೋತಿದ್ದು 2003ರಲ್ಲಿ, ಅಂದ್ರೆ 22 ವರ್ಷ ಮುಂಚೆ. 2023ರ ಜುಲೈನಲ್ಲಿ ಇದೇ ಭಾರತ ಬೆಂಗಳೂರಿನ ಕಂಠೀರವದಲ್ಲಿ ಕುವೈತ್‌ನ ಪೆನಾಲ್ಟಿಯಲ್ಲಿ ಸೋಲಿಸಿ ದಕ್ಷಿಣ ಏಷ್ಯಾದ ಸ್ಯಾಫ್ ಕಪ್ ಎತ್ತಿತ್ತು, ಅದೇ ತಿಂಗಳು ಫಿಫಾ ರ‍್ಯಾಂಕಿಂಗ್‌ನಲ್ಲಿ 99ಕ್ಕೆ ಬಂದಿತ್ತು. 2025ರ ನವೆಂಬರ್‌ನಲ್ಲಿ ಅದೇ ರ‍್ಯಾಂಕಿಂಗ್ 142. ಆಟಗಾರ್ರಾದ ಗುರ್‌ಪ್ರೀತ್, ಝಿಂಗನ್, ಛಾಂಗ್ಟೆ ಅವತ್ತೂ ಇದ್ರು ಈ ಕ್ವಾಲಿಫೈಯರ್‌ನಲ್ಲೂ ಇದ್ರು, ಮಧ್ಯದಲ್ಲಿ ಬದಲಾಗಿದ್ದು ಮೂರು ಕೋಚ್. ಹಂಗಾಗಿ ಕೋಚ್ ಬದಲಾದ್ರು, ಟೀಮ್ ಹಾಳಾಯ್ತು, ಕೋಚ್‌ದೇ ತಪ್ಪು ಅಂತ ಲೆಕ್ಕ ಹಾಕೋದು ಸಹಜ. ಆದ್ರೆ ಮ್ಯಾಚ್ ಮ್ಯಾಚ್ ಹಿಡ್ಕೊಂಡು ಹಿಂದಕ್ಕೆ ಹೋದ್ರೆ ಈ ಲೆಕ್ಕ ಪೂರ್ತಿ ಕೂಡಲ್ಲ.

ಕೆಲಸ ಕೆಟ್ಟಿದ್ದು ಯಾವಾಗ

ತುಂಬಾ ಜನ ಢಾಕಾದಲ್ಲಿ ಸೋತಿದ್ದಕ್ಕೆ ಏಷ್ಯಾ ಕಪ್ ಹೋಯ್ತು ಅನ್ಕೊಂಡಿದಾರೆ. ಹಂಗೇನಿಲ್ಲ, ಅದು ಅಕ್ಟೋಬರ್ 14ಕ್ಕೇ ಗೋವಾದ ಮಡಗಾಂವ್‌ನಲ್ಲಿ ಸಿಂಗಾಪುರದ ಕೈಲಿ 2-1ಕ್ಕೆ ಸೋತಾಗಲೇ ಮುಗಿದಿತ್ತು, ಢಾಕಾ ಮ್ಯಾಚ್‌ಗೆ ಪಾಯಿಂಟ್ ದೃಷ್ಟಿಯಿಂದ ಬೆಲೆ ಇರ್ಲಿಲ್ಲ.

2027ರ ಏಷ್ಯಾ ಕಪ್ ಸೌದಿ ಅರೇಬಿಯಾದಲ್ಲಿ. 24 ಟೀಮ್ ಆಡ್ತಾವೆ. ಅದ್ರಲ್ಲಿ 18 ಟೀಮ್ ವರ್ಲ್ಡ್ ಕಪ್ ಕ್ವಾಲಿಫೈಯರ್ ಮೂಲಕವೇ ಒಳಗೆ ಹೋದ್ವು, ಉಳಿದ ಆರು ಜಾಗಕ್ಕೆ ಆರು ಗ್ರೂಪ್ ಮಾಡಿದ್ರು, ಪ್ರತಿ ಗ್ರೂಪಲ್ಲಿ ನಾಲ್ಕು ಟೀಮ್, ಫಸ್ಟ್ ಬಂದೋರಿಗೆ ಮಾತ್ರ ಜಾಗ. ನಮ್ಮ ಗ್ರೂಪಲ್ಲಿ ಇದ್ದಿದ್ದು ಹಾಂಗ್‌ಕಾಂಗ್, ಸಿಂಗಾಪುರ, ಬಾಂಗ್ಲಾದೇಶ. ಡ್ರಾ ಎತ್ತಿದ ದಿನ ಈ ನಾಲ್ವರಲ್ಲಿ ಮೇಲಿನ ರ‍್ಯಾಂಕಿಂಗ್ ನಮ್ದೇ, ಸುಲಭದ ಗ್ರೂಪ್ ಅಂತಾನೇ ಎಲ್ರೂ ಅಂದಿದ್ದು.

ಐದು ಮ್ಯಾಚ್ ಆದ್ಮೇಲೆ ನಮ್ಮ ಲೆಕ್ಕ ಹೀಗಿತ್ತು. 2025ರ ಮಾರ್ಚಲ್ಲಿ ಶಿಲ್ಲಾಂಗ್‌ನಲ್ಲಿ ಬಾಂಗ್ಲಾದೇಶದ ಜೊತೆ 0-0. ಜೂನ್‌ನಲ್ಲಿ ಹಾಂಗ್‌ಕಾಂಗ್‌ನಲ್ಲಿ 0-1. ಅಕ್ಟೋಬರ್ 9ಕ್ಕೆ ಸಿಂಗಾಪುರದಲ್ಲಿ 1-1, ಐದು ದಿನಕ್ಕೆ ನಮ್ಮನೇಲೇ 1-2. ಆಮೇಲೆ ಢಾಕಾ, 0-1. ಎರಡು ಪಾಯಿಂಟು, ಹೊಡೆದಿದ್ದು ಎರಡೇ ಗೋಲು, ಬಿಟ್ಕೊಟ್ಟಿದ್ದು ಐದು. ಐದು ಮ್ಯಾಚಲ್ಲಿ ಐದು ಗೋಲ್ ಬಿಟ್ರೆ ಡಿಫೆನ್ಸ್ ತೀರಾ ಕುಸಿದಿದೆ ಅನ್ನೋ ಹಾಗಿಲ್ಲ, ಒಂದು ಮ್ಯಾಚೂ ಎರಡು ಗೋಲ್ ಅಂತರದಲ್ಲಿ ಸೋತಿಲ್ಲ. ನಮ್ಮನ್ನ ಕೊಂದಿದ್ದು ಇನ್ನೊಂದು ಕಡೆಯ ಲೆಕ್ಕ, ಎರಡೇ ಗೋಲು ಅನ್ನೋದು.

ಇನ್ನೊಂದು ಹೆಜ್ಜೆ ಹಿಂದೆ ಹೋಗ್ಬೇಕು. ನಾವು ಈ ಗ್ರೂಪಿಗೆ ಬರೋ ಅಗತ್ಯವೇ ಇರ್ಲಿಲ್ಲ. ವರ್ಲ್ಡ್ ಕಪ್ ಕ್ವಾಲಿಫೈಯರ್‌ನಲ್ಲಿ 2024ರ ಮಾರ್ಚಲ್ಲಿ ಗುವಾಹಟಿಯಲ್ಲಿ ಅಫ್ಘಾನಿಸ್ತಾನದ ಮೇಲೆ 1-0 ಲೀಡ್‌ನಲ್ಲಿದ್ವಿ, ಸುನಿಲ್ ಛೆಟ್ರಿಯ 150ನೇ ಮ್ಯಾಚ್ ಅದು, ಅವರೇ ಪೆನಾಲ್ಟಿ ಹೊಡೆದಿದ್ರು, ಕೊನೇ 20 ನಿಮಿಷದಲ್ಲಿ ಎರಡು ಗೋಲ್ ಬಿಟ್ಟು ಸೋತ್ವಿ. ಅದನ್ನ ಗೆದ್ದಿದ್ರೆ ಗ್ರೂಪಲ್ಲಿ ಸೆಕೆಂಡ್ ಬಂದು ಏಷ್ಯಾ ಕಪ್‌ಗೆ ನೇರ ಹೋಗ್ತಿದ್ವಿ. ಆಗ ಖಾಲಿದ್ ಜಮೀಲ್ ಟೀಮ್ ಹತ್ರಾನೂ ಇರ್ಲಿಲ್ಲ.

ಮೂರು ಕೋಚ್, ಒಂದೇ ಕಾಯಿಲೆ

ಕ್ರೊಯೇಷಿಯಾದ ಇಗೋರ್ ಸ್ಟಿಮಾಚ್ 2019ರಿಂದ ಐದು ವರ್ಷ ಇದ್ರು. 2023ರಲ್ಲಿ ಅವರ ಕೈಕೆಳಗೆ ಟೀಮ್ ಚೆನ್ನಾಗೇ ಆಡ್ತು, ಸ್ಯಾಫ್ ಕಪ್ ಬಂತು, ನವೆಂಬರ್‌ನಲ್ಲಿ ಕುವೈತ್‌ಗೆ ಹೋಗಿ 1-0 ಗೆದ್ರು. ಆಮೇಲೆ 2024ರ ಜನವರಿಯಲ್ಲಿ ಕತಾರ್‌ನಲ್ಲಿ ನಡೆದ ಏಷ್ಯಾ ಕಪ್‌ನಲ್ಲಿ ಮೂರು ಮ್ಯಾಚ್, ಮೂರು ಸೋಲು, ಒಂದೂ ಗೋಲ್ ಇಲ್ಲ. ಜೂನ್‌ನಲ್ಲಿ ಕೋಲ್ಕತ್ತಾದಲ್ಲಿ ಛೆಟ್ರಿ ವಿದಾಯದ ಮ್ಯಾಚ್, ಗೆಲ್ಲಲೇಬೇಕಿತ್ತು, 0-0. ದೋಹಾದಲ್ಲಿ ಕತಾರ್ ಎದುರು 2-1 ಸೋಲು, ಅದ್ರಲ್ಲಿ ಲೈನ್ ದಾಟಿ ಹೊರಗೆ ಹೋಗಿದ್ದ ಬಾಲನ್ನ ಒಳಗೆಳೆದು ಹೊಡೆದ ಗೋಲನ್ನ ರೆಫರಿ ಕೊಟ್ಟುಬಿಟ್ರು, ಆ ಅನ್ಯಾಯ ಯಾರೂ ಮರೆತಿಲ್ಲ. ಒಂದು ವಾರದೊಳಗೆ ಸ್ಟಿಮಾಚ್ ಕೆಲ್ಸ ಹೋಯ್ತು.

ಅವರ ಜಾಗಕ್ಕೆ ಸ್ಪೇನ್‌ನ ಮನೋಲೋ ಮಾರ್ಕೆಜ್. ಎಂಟು ಮ್ಯಾಚಲ್ಲಿ ಗೆದ್ದಿದ್ದು ಒಂದೇ, ಮಾಲ್ಡೀವ್ಸ್ ಮೇಲೆ. ಆದ್ರೆ ಇದೇ ಮಾರ್ಕೆಜ್ ಅದೇ ಸೀಸನ್‌ನಲ್ಲಿ ಎಫ್‌ಸಿ ಗೋವಾ ಕ್ಲಬ್‌ನೂ ನೋಡ್ಕೊಳ್ತಿದ್ರು, ಅಲ್ಲಿ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಲೀಗ್ ಹಂತದಲ್ಲಿ ಎರಡನೇ ಸ್ಥಾನ ಬಂತು, ಸೂಪರ್ ಕಪ್ ಗೆದ್ರು. ಅದೇ ಮನುಷ್ಯ, ಅದೇ ತಲೆ, ಅದೇ ತಿಂಗಳುಗಳು, ಒಂದು ಕಡೆ ಕಪ್ಪು ಇನ್ನೊಂದು ಕಡೆ ಸೋಲು. ಕೋಚ್‌ಗೆ ಕೆಲ್ಸ ಬರಲ್ಲ ಅನ್ನೋರು ಇದಕ್ಕೆ ಉತ್ತರ ಹೇಳ್ಬೇಕಾಗುತ್ತೆ.

ಆಮೇಲೆ 2025ರ ಆಗಸ್ಟಲ್ಲಿ ಖಾಲಿದ್ ಜಮೀಲ್, 13 ವರ್ಷದ ನಂತರ ಮೊದಲ ಸಲ ಭಾರತೀಯ ಕೋಚ್. 2017ರಲ್ಲಿ ಐಜ್ವಾಲ್ ಅನ್ನೋ ಪುಟ್ಟ ಊರಿನ ಕ್ಲಬ್‌ನ ಐ-ಲೀಗ್ ಅನ್ನೋ ರಾಷ್ಟ್ರೀಯ ಲೀಗ್‌ನ ಚಾಂಪಿಯನ್ ಮಾಡಿದ ಮನುಷ್ಯ, ಜಮ್ಶೆಡ್‌ಪುರನ ಐಎಸ್‌ಎಲ್ ಸೆಮಿಫೈನಲ್‌ಗೆ ತಂದೋರು. ಬಂದ ತಕ್ಷಣ ಮಧ್ಯ ಏಷ್ಯಾದ ಕಾಫಾ ನೇಷನ್ಸ್ ಕಪ್‌ನಲ್ಲಿ ತಜಿಕಿಸ್ತಾನನ ಅವರ ನೆಲದಲ್ಲೇ ಸೋಲಿಸಿದ್ರು, ಓಮನ್‌ನ ಪೆನಾಲ್ಟಿಯಲ್ಲಿ ಹೊಡೆದು ಮೂರನೇ ಸ್ಥಾನ ತಂದ್ರು. ಜನಕ್ಕೆ ಆಸೆ ಬಂದಿದ್ದು ಅಲ್ಲೇ. ಆಮೇಲೆ ಆಗಿದ್ದು ಮೇಲೆ ಹೇಳ್ದೆ.

ಮೂರು ಜನದ ಸ್ವಭಾವ ಬೇರೆ, ದೇಶ ಬೇರೆ, ಆಡ್ಸೋ ರೀತಿ ಬೇರೆ. ಸ್ಟಿಮಾಚ್ ಹುಡುಗ್ರನ್ನ ಹುರಿದುಂಬಿಸೋರು, ಮಾರ್ಕೆಜ್ ಬಾಲ್ ಇಟ್ಕೊಂಡು ಆಡ್ಸೋರು, ಜಮೀಲ್ ಗಟ್ಟಿ ಡಿಫೆನ್ಸ್ ಕಟ್ಟಿ ಕೌಂಟರ್‌ಗೆ ಕಾಯೋರು. ಮೂರೂ ಜನ ಬಿದ್ದಿದ್ದು ಮಾತ್ರ ಒಂದೇ ಗುಂಡಿಗೆ, ಗೆಲ್ಲಬೇಕಾದ ಮ್ಯಾಚಲ್ಲಿ ಗೋಲ್ ಬರ್ಲಿಲ್ಲ.

ಹಾಗಂತ ಜಮೀಲ್‌ದು ತಪ್ಪೇ ಇಲ್ವಾ

ಇದೆ. ಇದನ್ನ ಮುಚ್ಚಿಡೋದು ಸರಿಯಲ್ಲ.

ಮಡಗಾಂವ್ ಮ್ಯಾಚನ್ನೇ ತಗೊಳ್ಳಿ. 14ನೇ ನಿಮಿಷಕ್ಕೆ ಛಾಂಗ್ಟೆ ದೂರದಿಂದ ಬಾರಿಸಿದ ಆ ಗೋಲು, ನೋಡಿದೋರು ಎದ್ದು ನಿಂತಿರ್ತಾರೆ. ಅಲ್ಲಿಂದ ಮ್ಯಾಚ್ ನಮ್ ಕೈಲಿರ್ಬೇಕಿತ್ತು. ಆದ್ರೆ ಟೀಮ್ ಮೆಲ್ಲಗೆ ಹಿಂದೆ ಹಿಂದೆ ಸರಿದು ಮಿಡ್‌ಫೀಲ್ಡನ್ನ ಸಿಂಗಾಪುರಕ್ಕೆ ಬಿಟ್ಕೊಡ್ತು, 44ನೇ ನಿಮಿಷಕ್ಕೆ ಸಾಂಗ್ ಉಯ್‌ಯಂಗ್ ಗೋಲ್ ಹೊಡೆದ. ಸರಿ, ಒಂದು ಗೋಲ್ ಯಾರಿಗಾದ್ರೂ ಬೀಳುತ್ತೆ. ಆಮೇಲೆ ಹಾಫ್ ಟೈಮ್ ಬಂತು, ಕೋಚ್‌ಗೆ 15 ನಿಮಿಷ ಸಿಕ್ತು, ಡ್ರೆಸ್ಸಿಂಗ್ ರೂಮಲ್ಲಿ ಎಲ್ರೂ ಎದುರಿಗೆ ಕೂತಿದ್ರು, ಎಲ್ಲಿ ಜಾಗ ಬಿಡ್ತಿದೀವಿ ಯಾರು ನುಗ್ತಿದಾನೆ ಅಂತ ಹೇಳೋಕೆ ಇಡೀ ಮ್ಯಾಚಲ್ಲಿ ಸಿಗೋ ಒಂದೇ ಅವಕಾಶ ಅದು. 58ನೇ ನಿಮಿಷಕ್ಕೆ ಎರಡನೇ ಗೋಲ್, ಹೊಡೆದಿದ್ದು ಅದೇ ಸಾಂಗ್. ಒಬ್ಬನೇ ಆಟಗಾರ ಹಾಫ್ ಟೈಮ್ ಮುಂಚೆನೂ ಹಾಫ್ ಟೈಮ್ ಆದ್ಮೇಲೂ ಹೊಡೀತಾನೆ ಅಂದ್ರೆ ಅದು ದೇಶದ ಫುಟ್‌ಬಾಲ್ ನಡೆಸೋ ಫೆಡರೇಷನ್ ತಪ್ಪೂ ಅಲ್ಲ, ಲೀಗ್ ತಪ್ಪೂ ಅಲ್ಲ, ಆ ಸಾಯಂಕಾಲ ಬೆಂಚಲ್ಲಿ ಕೂತೋರ ತಪ್ಪು.

ಇದಕ್ಕೆ ಐದು ದಿನ ಮುಂಚೆ ಸಿಂಗಾಪುರದಲ್ಲಿ ಆದ ಮ್ಯಾಚ್ ನೋಡಿದ್ರೆ ಜಮೀಲ್ ಎಲ್ಲಿ ಬಲ, ಎಲ್ಲಿ ಬಲ ಇಲ್ಲ ಅಂತ ಗೊತ್ತಾಗುತ್ತೆ. ಅಲ್ಲಿ 0-1 ಹಿಂದಿದ್ವಿ, ಸೆಕೆಂಡ್ ಹಾಫ್ ಶುರುವಲ್ಲೇ ಝಿಂಗನ್ ಎರಡನೇ ಯೆಲ್ಲೋ ತಗೊಂಡು ಹೊರಗೆ ಹೋದ್ರು, ಹತ್ತೇ ಜನ. ಅಂಥದ್ರಲ್ಲಿ ಟೀಮ್ ಚದುರ್ಲಿಲ್ಲ, ಸಬ್ ಆಗಿ ಬಂದ ರಹೀಮ್ ಅಲಿ 90ನೇ ನಿಮಿಷದಲ್ಲಿ ಅವರ ಡಿಫೆಂಡರ್ ತಪ್ಪಿ ಕೊಟ್ಟ ಬಾಲ್ ಹಿಡಿದು ಗೋಲ್ ಮಾಡ್ದ. ಆ ಡ್ರಾಗೆ ಕೋಚ್‌ನ ಹೊಗಳಿದೋರು ನಾಲ್ಕೇ ಜನ. ನನ್ನ ಲೆಕ್ಕದಲ್ಲಿ ಜಮೀಲ್ ಟೀಮ್ ಒತ್ತಡ ತಡ್ಕೊಳ್ಳೋದ್ರಲ್ಲಿ ಚೆನ್ನಾಗಿದೆ, ಬಾಲ್ ನಮ್ಮತ್ರ ಇದ್ದು ನಾವೇ ಆಟ ಕಟ್ಬೇಕು ಅಂದಾಗ ಏನ್ ಮಾಡೋದು ಅಂತ ಗೊತ್ತಾಗಲ್ಲ. ಓಮನ್ ಥರದ ದೊಡ್ಡ ಟೀಮ್ ಎದುರು ಅದು ನಡೆಯುತ್ತೆ, ಬಾಂಗ್ಲಾದೇಶದ ಎದುರು ನಡೆಯಲ್ಲ. ಢಾಕಾದಲ್ಲಿ ಶೇಖ್ ಮೊರ್ಸಲಿನ್ ಮೊದಲ ಕಾಲು ಗಂಟೆಯೊಳಗೇ ಹೊಡೆದ, ಅಲ್ಲಿಂದ ಮುಂದೆ ಇಡೀ ಮ್ಯಾಚ್ ಕೈಲಿದ್ರೂ ಒಂದು ಗೋಲ್ ವಾಪಸ್ ತರೋಕಾಗ್ಲಿಲ್ಲ.

ಕೋಚ್ ಬದಲಾವಣೆಯಿಂದ ಏನೂ ಆಗಲ್ಲ ಅನ್ನೋರಿಗೆ ಸಿಂಗಾಪುರವೇ ಎದುರು ಸಾಕ್ಷಿ. ಅವರ ಜಪಾನಿ ಕೋಚ್ ಜೂನ್‌ನಲ್ಲಿ ಬಿಟ್ಟು ಹೋದ್ರು, ಗ್ಯಾವಿನ್ ಲೀ ಅನ್ನೋ ಚಿಕ್ಕ ವಯಸ್ಸಿನ ಸ್ಥಳೀಯ ಕೋಚ್‌ನ ಹಂಗಾಮಿಯಾಗಿ ಕೂರಿಸಿದ್ರು, ಆತ ನಮ್ಮನ್ನ ಸೋಲಿಸಿ, ಢಾಕಾ ಮ್ಯಾಚ್ ನಡೆದ ದಿನಾನೇ ಹಾಂಗ್‌ಕಾಂಗ್‌ಗೆ ಹೋಗಿ 2-1 ಗೆದ್ದು, ಟೀಮ್‌ನ ಏಷ್ಯಾ ಕಪ್‌ಗೆ ಕರ್ಕೊಂಡು ಹೋದ. 1984ರಲ್ಲಿ ಆತಿಥೇಯರು ಅಂತ ಆಡಿದ್ದು ಬಿಟ್ರೆ ಸಿಂಗಾಪುರ ಅಲ್ಲಿಗೆ ಹೋಗ್ತಿರೋದು ಇದೇ ಮೊದಲು. ಬಾಂಗ್ಲಾದೇಶ ಇದಕ್ಕೆ ಉಲ್ಟಾ, ಅವರು ಕೋಚ್ ಹವಿಯೆರ್ ಕಬ್ರೇರಾನ 2022ರ ಶುರುವಿಂದ ಆವರೆಗೆ ಬದಲಾಯಿಸಿರ್ಲಿಲ್ಲ, ಅವರ ಊರಲ್ಲೂ "ತೆಗೀರಿ ತೆಗೀರಿ" ಅನ್ನೋರು ಬೇಕಾದಷ್ಟು ಜನ ಇದ್ರೂ. ಒಬ್ರು ಬದಲಾಯಿಸಿ ಗೆದ್ರು, ಇನ್ನೊಬ್ರು ಬದಲಾಯಿಸದೇ ನಮ್ಮನ್ನ ಸೋಲಿಸಿದ್ರು. ಹಂಗಾಗಿ ಕೋಚ್ ಬದಲಾಯಿಸ್ಬೇಕಾ ಬೇಡ್ವಾ ಅಂತ ಮಾತ್ರ ಕೇಳ್ಕೊಂಡು ಕೂತ್ರೆ ಉತ್ತರ ಸಿಗಲ್ಲ, ಆ ಕೋಚ್ ಕೈಗೆ ಬಂದಿದ್ದೇನು ಅಂತ ನೋಡ್ಬೇಕು.

ಕ್ರಿಕೆಟ್ ಕಣ್ಣಲ್ಲಿ ನೋಡಿದ್ರೆ

ನಮ್ ಕಡೆ ಬಹಳಷ್ಟು ಜನ ಫುಟ್‌ಬಾಲ್‌ಗೆ ಬಂದಿದ್ದು ಕ್ರಿಕೆಟ್ ದಾರಿಯಲ್ಲಿ, ಅದಕ್ಕೇ ಒಂದು ಗೊಂದಲ ಆಗುತ್ತೆ. ಭಾರತದ ಕ್ರಿಕೆಟ್ ಟೀಮ್ ವರ್ಷದಲ್ಲಿ ಎಷ್ಟೋ ತಿಂಗಳು ಒಟ್ಟಿಗೇ ಇರುತ್ತೆ, ಬೋರ್ಡ್‌ನ ಕಾಂಟ್ರ್ಯಾಕ್ಟ್ ಇರುತ್ತೆ, ಮೈದಾನದಲ್ಲಿ ಕ್ಯಾಪ್ಟನ್ ಬಾಲ್ ಬಾಲ್‌ಗೂ ತೀರ್ಮಾನ ಮಾಡ್ತಾನೆ. ಅಲ್ಲಿ ಕೋಚ್ ಆಟಗಾರ್ರ ಜೊತೆ ನಿಜವಾಗ್ಲೂ ಕೆಲ್ಸ ಮಾಡೋಕೆ ಟೈಮ್ ಸಿಗುತ್ತೆ.

ಫುಟ್‌ಬಾಲ್‌ನಲ್ಲಿ ಆಟಗಾರ ಕ್ಲಬ್‌ನೋನು, ಸಂಬಳ ಕೊಡೋದು ಕ್ಲಬ್, ದಿನಾ ಪ್ರಾಕ್ಟೀಸ್ ಮಾಡ್ಸೋದು ಕ್ಲಬ್ ಕೋಚ್. ಫಿಫಾ ವಿಂಡೋ ಅಂತ ವರ್ಷಕ್ಕೆ ಕೆಲವು ಸಲ, ಒಂದೊಂದು ಸಲ ಒಂಬತ್ತು ಹತ್ತು ದಿನ, ಆ ಹೊತ್ತಲ್ಲಿ ಮಾತ್ರ ಕ್ಲಬ್‌ಗಳು ಆಟಗಾರನ್ನ ಬಿಡಲೇಬೇಕು. ಆ ಹತ್ತು ದಿನದಲ್ಲಿ ಪ್ರಯಾಣ, ಸುಸ್ತು ಆರಿಸ್ಕೊಳ್ಳೋದು, ಎರಡು ಮ್ಯಾಚು ಕಳೆದ್ರೆ ಹೊಸದೇನಾದ್ರೂ ಕಲಿಸೋಕೆ ಉಳಿಯೋದು ಕೈಬೆರಳೆಣಿಕೆ ದಿನ. ವಿಂಡೋ ಹೊರಗೆ ಕರೆದ್ರೆ ಕ್ಲಬ್ "ಕಳಿಸಲ್ಲ" ಅನ್ನಬಹುದು. ಕಾಫಾ ಕಪ್‌ಗೆ ಮುಂಚೆ ಆಗಿದ್ದು ಅದೇ, ಆಗಸ್ಟ್ ಕ್ಯಾಂಪ್‌ಗೆ ಮೋಹನ್ ಬಗಾನ್ ತನ್ನ ಆಟಗಾರನ್ನ ಬಿಡ್ಲಿಲ್ಲ. ಕ್ಲಬ್‌ನ ಬೈಯೋಕೂ ಆಗಲ್ಲ, ಆಟಗಾರ ಮೊಣಕಾಲು ಮುರ್ಕೊಂಡು ಬಂದ್ರೆ ಸಂಬಳ ಕೊಡ್ತಾ ಕೂರೋದು ಅವರೇ. ಆದ್ರೆ ಕೋಚ್ ಕಡೆಯಿಂದ ನೋಡಿದ್ರೆ, ತನ್ನ ಮೊದಲ ಕ್ಯಾಂಪ್‌ಗೇ ದೇಶದ ಚಾಂಪಿಯನ್ ಕ್ಲಬ್‌ನ ಹುಡುಗ್ರು ಇಲ್ಲ.

ಸ್ಟ್ರೈಕರ್ ಎಲ್ಲಿಂದ ಬರ್ಬೇಕು

ನನ್ನ ಪ್ರಕಾರ ಈ ಇಡೀ ಕಥೆಯ ಹೊಟ್ಟೆ ಇರೋದು ಇಲ್ಲಿ, ಹಾಗಾಗಿ ಸ್ವಲ್ಪ ನಿಧಾನಕ್ಕೆ ನೋಡಣ.

2024-25ರ ಐಎಸ್‌ಎಲ್‌ನಲ್ಲಿ ಅತಿ ಹೆಚ್ಚು ಗೋಲ್ ಹೊಡೆದೋನು ನಾರ್ತ್‌ಈಸ್ಟ್ ಯುನೈಟೆಡ್ ಕ್ಲಬ್‌ನ ಮೊರಾಕ್ಕೊ ಆಟಗಾರ ಅಲಾದ್ದೀನ್ ಅಜರೈ, 23 ಗೋಲು. ಭಾರತೀಯರಲ್ಲಿ ಅತಿ ಹೆಚ್ಚು ಸುನಿಲ್ ಛೆಟ್ರಿ, 14. ಆಗ ಅವರಿಗೆ 40 ವರ್ಷ. ದೇಶದ ನಂಬರ್ ಒನ್ ಲೀಗ್‌ನಲ್ಲಿ 25 ವರ್ಷದ ಒಬ್ಬ ಭಾರತೀಯ ಹುಡುಗನೂ 40 ವರ್ಷದೋರ ಗೋಲ್ ಲೆಕ್ಕ ದಾಟ್ಲಿಲ್ಲ. ಮಾರ್ಕೆಜ್ ಅವರನ್ನ ನಿವೃತ್ತಿಯಿಂದ ವಾಪಸ್ ಕರೆಸಿದಾಗ ಫ್ಯಾನ್ಸ್ ಕೋಪ ಮಾಡ್ಕೊಂಡ್ರು, ಹೊಸಬ್ರಿಗೆ ಅವಕಾಶ ಕೊಡಲ್ಲ ಅಂತ. ಆ ಕೋಪ ಅರ್ಥ ಆಗುತ್ತೆ, ಆದ್ರೆ ಕರೆಯೋಕೆ ಆ ಹೊಸಬ ಎಲ್ಲಿದ್ದ?

ಇದಕ್ಕೆ ಕಾರಣ ಬಹಳ ಸರಳ. ಐಎಸ್‌ಎಲ್ ಮ್ಯಾಚಲ್ಲಿ ಒಂದು ಟೀಮ್ ಒಟ್ಟಿಗೆ ನಾಲ್ಕು ಜನ ವಿದೇಶಿ ಆಟಗಾರನ್ನ ಇಳಿಸಬಹುದು. ನಾಲ್ಕೇ ಜಾಗ ಅಂದಾಗ ಯಾವ ಕ್ಲಬ್ ಆದ್ರೂ ಎಲ್ಲಿ ಹಾಕುತ್ತೆ? ಗೋಲ್ ಹೊಡೆಯೋ ಜಾಗಕ್ಕೆ ಒಬ್ಬ, ಆಟ ಕಟ್ಟೋ ಮಿಡ್‌ಫೀಲ್ಡ್ ಜಾಗಕ್ಕೆ ಒಬ್ಬ, ಸೆಂಟರ್ ಬ್ಯಾಕ್ ಒಬ್ಬ, ಅಂದ್ರೆ ಮೈದಾನದ ನಡುಬೆನ್ನು ಪೂರ್ತಿ. ಕ್ಲಬ್ ಕೋಚ್‌ದೂ ಕೆಲ್ಸ ಉಳಿಬೇಕಲ್ಲ, ನಾಲ್ಕು ಮ್ಯಾಚ್ ಸೋತ್ರೆ ಅವನನ್ನೂ ಕಳಿಸ್ತಾರೆ, ಹಂಗಾಗಿ 21 ವರ್ಷದ ಭಾರತೀಯ ಸ್ಟ್ರೈಕರ್‌ಗೆ ತಪ್ಪು ಮಾಡಿ ಕಲಿಯೋಕೆ ಹತ್ತು ಮ್ಯಾಚ್ ಕೊಡೋ ಧೈರ್ಯ ಯಾರಿಗೂ ಬರಲ್ಲ. ಆ ಹುಡುಗ ವಿಂಗ್‌ಗೆ ಹೋಗ್ತಾನೆ, ಇಲ್ಲ 80ನೇ ನಿಮಿಷಕ್ಕೆ ಸಬ್ ಆಗಿ ಬರ್ತಾನೆ. ಅದಕ್ಕೇ ನೋಡಿ, ನಮ್ಮಲ್ಲಿ ಒಳ್ಳೆ ವಿಂಗರ್‌ಗಳಿದಾರೆ, ಛಾಂಗ್ಟೆ ಇದಾನೆ, ಲಿಸ್ಟನ್ ಕೊಲಾಸೊ ಇದಾನೆ, ನವೋರೆಂ ಮಹೇಶ್ ಇದಾನೆ, ಬಾಕ್ಸ್ ಒಳಗೆ ನಿಂತು ಮುಗಿಸೋನು ಇಲ್ಲ.

ಜೂನ್‌ನ ಹಾಂಗ್‌ಕಾಂಗ್ ಮ್ಯಾಚಲ್ಲಿ ಇದು ಕಣ್ಣಿಗೆ ಕಟ್ಟೋ ಹಾಗೆ ಕಾಣ್ತು. ಫಸ್ಟ್ ಹಾಫ್‌ನಲ್ಲಿ ಆಶಿಕ್ ಕುರುಣಿಯನ್‌ಗೆ ಗೋಲ್ ಎದುರಿಗೇ ಚಾನ್ಸ್ ಸಿಕ್ತು, ಹೊಡೆದ ಬಾಲ್ ಹೊರಗೆ ಹೋಯ್ತು. ಆಶಿಕ್ ಹುಟ್ಟಾ ಸ್ಟ್ರೈಕರ್ ಅಲ್ಲ, ಬದಿಯಲ್ಲಿ ಓಡೋ ಆಟಗಾರ. ಮ್ಯಾಚ್ 0-0 ಉಳೀತು, ಇಂಜುರಿ ಟೈಮಲ್ಲಿ ಕೀಪರ್ ವಿಶಾಲ್ ಕೈತ್ ಎತ್ತರದ ಬಾಲನ್ನ ಪಂಚ್ ಮಾಡೋಕೆ ಮುಂದೆ ಬಂದು ಎದುರಾಳಿಗೆ ಗುದ್ದಿದ್ರು, ಪೆನಾಲ್ಟಿ, ಸೋಲು. ಮಾರನೇ ದಿನ ಎಲ್ರೂ ಕೈತ್‌ನ, ಮಾರ್ಕೆಜ್‌ನ ಬೈದ್ರು. ಆ ಮೊದಲ ಚಾನ್ಸ್ ಒಳಗೆ ಹೋಗಿದ್ರೆ ಕೊನೇ ನಿಮಿಷದ ಮಾತೇ ಬೇರೆ ಇರ್ತಿತ್ತು. ನಮ್ಮನ್ನ ಅವತ್ತು ಸೋಲಿಸಿದ ಹಾಂಗ್‌ಕಾಂಗ್ ಕೋಚ್ ಯಾರು ಗೊತ್ತಲ್ಲ, ಆಶ್ಲಿ ವೆಸ್ಟ್‌ವುಡ್, ಬೆಂಗಳೂರು ಎಫ್‌ಸಿಗೆ ಎರಡು ಐ-ಲೀಗ್ ಗೆಲ್ಲಿಸಿಕೊಟ್ಟೋರು. ನಮ್ಮ ಆಟಗಾರ್ರ ಶಕ್ತಿ, ದೌರ್ಬಲ್ಯ ಎರಡೂ ಅವರಿಗೆ ಬಾಯಿಪಾಠ.

ಈಗ ಇದನ್ನ ಇನ್ನೂ ಕೆಳಗೆ ಇಳಿಸಿ ನಮ್ಮ ಜಿಲ್ಲೆಗೆ ತನ್ನಿ. ಸಕಲೇಶಪುರದಲ್ಲೋ ಕೊಪ್ಪದಲ್ಲೋ 13 ವರ್ಷದ ಒಬ್ಬ ಹುಡುಗ ಚೆನ್ನಾಗಿ ಗೋಲ್ ಹೊಡೀತಾನೆ ಅಂತಿಟ್ಕೊಳ್ಳಿ. ಅವನಿಗೆ ಸಿಗೋದು ಸ್ಕೂಲ್ ಟೂರ್ನಮೆಂಟು, ಆಮೇಲೆ ಯಾವಾಗಾದ್ರೊಂದು ಸಲ ನಾಕೌಟ್ ಟೂರ್ನಮೆಂಟು, ಅದ್ರಲ್ಲಿ ಮೊದಲ ಮ್ಯಾಚ್ ಸೋತ್ರೆ ಮನೆಗೆ. ಉಳಿದ ದಿನ ಐದೈದು ಜನರ ಟರ್ಫ್. ಟರ್ಫ್ ಬಂದಿದ್ದು ಒಳ್ಳೇದೇ, ಕಾಲಲ್ಲಿ ಬಾಲ್ ಹಿಡಿತಕ್ಕೆ ಬರುತ್ತೆ, ಆದ್ರೆ 11 ಜನರ ಮೈದಾನದಲ್ಲಿ ಡಿಫೆಂಡರ್ ಬೆನ್ನ ಹಿಂದೆ ಯಾವಾಗ ಓಡ್ಬೇಕು, ಕ್ರಾಸ್ ಬರುವಾಗ ಹತ್ತಿರದ ಕಂಬಕ್ಕೆ ಹೋಗ್ಬೇಕಾ ದೂರದ್ದಕ್ಕಾ ಅನ್ನೋದು ಅಲ್ಲಿ ಕಲಿಯೋಕಾಗಲ್ಲ. ಅದು ಬರೋದು ವಾರವಾರ ಲೀಗ್ ಮ್ಯಾಚ್ ಆಡಿದ್ರೆ. ರಾಜ್ಯದ ದೊಡ್ಡ ಲೀಗ್ ಅಂದ್ರೆ ಬೆಂಗಳೂರಿನ ಸೂಪರ್ ಡಿವಿಷನ್, ಹಾಸನದಿಂದ ಸುಮಾರು 180 ಕಿಲೋಮೀಟರ್, ಚಿಕ್ಕಮಗಳೂರಿಂದ ಇನ್ನೂ ಜಾಸ್ತಿ. ಊರು ಬಿಟ್ಟು ಬೆಂಗಳೂರಲ್ಲಿ ಇರೋ ಅನುಕೂಲ ಇದ್ದೋರು ಆಡ್ತಾರೆ, ಇಲ್ದೋರು ಪಿಯುಸಿಗೆ ಬರೋ ಹೊತ್ತಿಗೆ ಬೂಟ್ ಬಿಚ್ಚಿಡ್ತಾರೆ. ಕರ್ನಾಟಕದಲ್ಲಿ ಆಟಗಾರ್ರೇ ಇಲ್ಲ ಅನ್ನೋ ಹಾಗೂ ಇಲ್ಲ, 2023ರ ಮಾರ್ಚಲ್ಲಿ ರಿಯಾದ್‌ನಲ್ಲಿ ನಮ್ಮ ರಾಜ್ಯದ ಟೀಮ್ 54 ವರ್ಷದ ನಂತರ ರಾಜ್ಯಗಳ ನಡುವಿನ ಸಂತೋಷ್ ಟ್ರೋಫಿ ಗೆದ್ದಿದೆ.

ಕಾಫಿ ಬೆಳೆಯೋರಿಗೆ ಇದನ್ನ ಬಿಡಿಸಿ ಹೇಳೋದೇ ಬೇಡ. ಮಾರ್ಚ್ ಏಪ್ರಿಲ್‌ನಲ್ಲಿ ಹೂಮಳೆ ಬೀಳದೆ ಹೋದ್ರೆ ಡಿಸೆಂಬರ್‌ನಲ್ಲಿ ಹಣ್ಣು ಕಮ್ಮಿ ಅಂತ ತೋಟದ ಕೆಲ್ಸ ನೋಡ್ಕೊಳ್ಳೋ ರೈಟರ್‌ನ ಬದಲಾಯಿಸಿ ಏನೂ ಉಪಯೋಗ ಇಲ್ಲ. ರೈಟರ್ ಕೊಯ್ಲಲ್ಲಿ ಹಣ್ಣು ಉದುರಿಸಿ ಹಾಳು ಮಾಡಿದ್ರೆ ಕೇಳ್ಬೇಕು, ಹೂ ಕಟ್ಟದೇ ಇದ್ದದ್ದಕ್ಕೆ ಅವನನ್ನ ಕೇಳೋ ಹಾಗಿಲ್ಲ.

ಲೀಗೇ ಇಲ್ಲದ ವರ್ಷ

ಇಷ್ಟೆಲ್ಲ ಮುಂಚಿನ ಕೊರತೆ. 2025ರಲ್ಲಿ ಅದ್ರ ಮೇಲೆ ಇನ್ನೊಂದು ಬಿತ್ತು.

ಐಎಸ್‌ಎಲ್ ನಡೆಸ್ತಿದ್ದ ಎಫ್‌ಎಸ್‌ಡಿಎಲ್ ಕಂಪನಿಗೂ ಫೆಡರೇಷನ್‌ಗೂ 2010ರಲ್ಲಿ 15 ವರ್ಷದ ಒಪ್ಪಂದ ಆಗಿತ್ತು, ವರ್ಷಕ್ಕೆ ಸುಮಾರು 50 ಕೋಟಿ ರೂಪಾಯಿ ಫೆಡರೇಷನ್‌ಗೆ ಬರ್ತಿತ್ತು. ಅದು ಮುಗಿಯೋದಿದ್ದಿದ್ದು 2025ರ ಡಿಸೆಂಬರ್ 8ಕ್ಕೆ. ಸೀಸನ್ ಮಧ್ಯದಲ್ಲೇ ಒಪ್ಪಂದ ಮುಗಿಯುತ್ತೆ ಅಂತ 15 ವರ್ಷದಿಂದ ಗೊತ್ತಿತ್ತು, ಆದ್ರೂ ಹೊಸದು ಆಗ್ಲಿಲ್ಲ, ಫೆಡರೇಷನ್ ಸಂವಿಧಾನದ ಕೇಸ್ ಬೇರೆ ಸುಪ್ರೀಂ ಕೋರ್ಟಲ್ಲಿತ್ತು. ಜುಲೈನಲ್ಲಿ ಲೀಗ್‌ನ ತಡೆ ಹಿಡಿದ್ರು. ಆಗಸ್ಟಲ್ಲಿ ಬೆಂಗಳೂರು ಎಫ್‌ಸಿ ಮೊದಲ ಟೀಮ್‌ನ ಆಟಗಾರ್ರು ಮತ್ತೆ ಸಿಬ್ಬಂದಿಯ ಸಂಬಳ ನಿಲ್ಸಿತು, ಮುಂದೇನು ಅಂತ ಗೊತ್ತಿಲ್ಲದೆ ಎಷ್ಟು ದಿನ ಕೊಡೋದು ಅಂತ. ಅಕ್ಟೋಬರ್‌ನಲ್ಲಿ ಹೊಸ ಟೆಂಡರ್ ಕರೆದ್ರು, ನವೆಂಬರ್ 7ಕ್ಕೆ ಗಡುವು ಮುಗೀತು, ಒಂದೂ ಬಿಡ್ ಬರ್ಲಿಲ್ಲ.

ಇದಕ್ಕೂ ಕೋಚ್‌ಗೂ ಏನು ಸಂಬಂಧ ಅಂದ್ರೆ, ಸಾಮಾನ್ಯವಾಗಿ ಅಕ್ಟೋಬರ್ ವಿಂಡೋ ಹೊತ್ತಿಗೆ ಆಟಗಾರ್ರು ಲೀಗ್‌ನಲ್ಲಿ ನಾಲ್ಕೈದು ಮ್ಯಾಚ್ ಆಡಿ ಮೈ ಬಿಸಿ ಇಟ್ಕೊಂಡು ಬರ್ತಾರೆ. ಈ ಸಲ ಬಂದೋರಲ್ಲಿ ಹೆಚ್ಚಿನವರಿಗೆ ವಾರವಾರದ ಆಟವೇ ಇರ್ಲಿಲ್ಲ. ಒಬ್ಬನೇ ಜಿಮ್ ಮಾಡಿ ಉಸಿರು ಉಳಿಸ್ಕೋಬಹುದು, ಆದ್ರೆ 80ನೇ ನಿಮಿಷದಲ್ಲಿ ಕಾಲು ಸೋತಾಗ ಸರಿಯಾದ ಪಾಸ್ ಕೊಡೋ ತಲೆ ಮ್ಯಾಚ್ ಆಡಿದ್ರೆ ಮಾತ್ರ ಬರೋದು. ಮಡಗಾಂವ್‌ನಲ್ಲಿ ಟೀಮ್ ಹಿಂದೆ ಹಿಂದೆ ಸರಿದಿದ್ದಕ್ಕೆ ಇದೂ ಒಂದು ಕಾರಣ ಇರಬಹುದು. ಹಾಫ್ ಟೈಮಲ್ಲಿ ಸರಿಪಡಿಸದೆ ಹೋಗಿದ್ದು ಮಾತ್ರ ಇದ್ರಿಂದ ಮಾಫಿ ಆಗಲ್ಲ.

ಹಂಗಾದ್ರೆ ಯಾವಾಗ್ಲೂ ಕೋಚ್‌ನೇ ಯಾಕೆ ತೆಗೀತಾರೆ

ತೆಗೆಯೋಕೆ ಆಗೋದು ಅವನೊಬ್ಬನನ್ನೇ. ಫೆಡರೇಷನ್ ಪದಾಧಿಕಾರಿಗಳು ರಾಜ್ಯ ಸಂಸ್ಥೆಗಳ ಓಟಿಂದ ಬಂದೋರು, ಒಂದು ಮ್ಯಾಚ್ ಸೋತಿದ್ದಕ್ಕೆ ಅವರು ಹೋಗಲ್ಲ. ಆಟಗಾರನ್ನ ಕೈಬಿಟ್ರೆ ಬದಲಿಗೆ ಯಾರು ಅಂತ ಹುಡುಕ್ಬೇಕು. ಲೀಗ್ ರಚನೆ ಬದಲಾಯಿಸ್ಬೇಕು ಅಂದ್ರೆ ಕ್ಲಬ್ ಮಾಲೀಕರು, ಟಿವಿ, ಕಂಪನಿ ಎಲ್ರೂ ಒಪ್ಪಬೇಕು. ಕೋಚ್‌ಗಾದ್ರೆ ಒಂದು ಮೀಟಿಂಗು, ಒಂದು ಪ್ರಕಟಣೆ ಸಾಕು, ಜನಕ್ಕೂ ಏನೋ ಆಯ್ತು ಅಂತ ಸಮಾಧಾನ. ಫ್ಯಾನ್ಸ್ ಕೋಪ ಎಷ್ಟೇ ನಿಜವಾಗಿದ್ರೂ ಅದು ಈ ಸುಲಭದ ದಾರಿಗೆ ಹೋಗಿ ಬೀಳುತ್ತೆ, ಮೇಲೆ ಕೂತೋರ ವರೆಗೆ ಮುಟ್ಟೋದೇ ಇಲ್ಲ. ನನಗೆ ಈ ಚರ್ಚೆಯಲ್ಲಿ ತುಂಬಾ ಬೇಜಾರು ಮಾಡೋ ವಿಷ್ಯ ಇದು.

ಈ ಸುಲಭದ ದಾರಿಗೆ ಖರ್ಚೂ ಇದೆ. ಸ್ಟಿಮಾಚ್ ಕಾಂಟ್ರ್ಯಾಕ್ಟ್ 2026ರ ವರೆಗೆ ಇತ್ತು, ಮಧ್ಯದಲ್ಲಿ ಕಳಿಸಿದ್ದಕ್ಕೆ ರಾಜಿಯಲ್ಲಿ 4 ಲಕ್ಷ ಡಾಲರ್ ಕೊಡ್ಬೇಕಾಯ್ತು, ಅಂದ್ರೆ ಮೂರು ಕೋಟಿಗೂ ಮೇಲೆ. ಆ ದುಡ್ಡಲ್ಲಿ ಎಷ್ಟು ಜಿಲ್ಲೆಯಲ್ಲಿ ಮಕ್ಕಳ ಲೀಗ್ ನಡೆಸಬಹುದಿತ್ತು ಯೋಚ್ನೆ ಮಾಡಿ. ಆಮೇಲೆ ಬಂದ ಮಾರ್ಕೆಜ್‌ಗೆ ಒಂದು ಸೀಸನ್ ಕ್ಲಬ್ ಮತ್ತೆ ದೇಶ ಎರಡನ್ನೂ ಒಟ್ಟಿಗೆ ನೋಡ್ಕೊಳ್ಳೋಕೆ ಬಿಟ್ರು, ಇದನ್ನ ಒಪ್ಪಿದ್ದು ಕೋಚ್ ತಪ್ಪು ಅಂತ ಹೇಳಬಹುದು, ಕೊಟ್ಟಿದ್ದು ಫೆಡರೇಷನ್. ಪ್ರತಿ ಸಲ ಹೊಸಬ್ರು ಬಂದಾಗ ಆಟದ ರೀತಿ ಮೊದಲಿಂದ ಶುರು, ಸಿಗೋ ಹತ್ತು ದಿನದ ವಿಂಡೋನಲ್ಲಿ ಹಳೇದು ಮರೆಸೋದ್ರಲ್ಲೇ ಅರ್ಧ ಹೋಗುತ್ತೆ.

ಮುಂದೆ ಆಗೋದೇನು

ಏಷ್ಯಾ ಕಪ್ ಇಲ್ಲ ಅನ್ನೋದು ಬರೀ ಮರ್ಯಾದೆ ವಿಷ್ಯ ಅಲ್ಲ. 2019, 2023 (ಇದು ನಡೆದಿದ್ದು 2024ರ ಜನವರಿಯಲ್ಲಿ) ಎರಡು ಏಷ್ಯಾ ಕಪ್‌ಗೆ ಸತತವಾಗಿ ಹೋಗಿದ್ವಿ, ಸೋತ್ರೂ ಆಸ್ಟ್ರೇಲಿಯಾ, ಉಜ್ಬೇಕಿಸ್ತಾನ್ ಥರದ ಟೀಮ್‌ಗಳ ಎದುರು ಆಡೋ ಅನುಭವ ಅಲ್ಲೇ ಸಿಗ್ತಿತ್ತು. ಅದಿಲ್ಲ ಅಂದ್ರೆ ದೊಡ್ಡ ಮ್ಯಾಚ್ ಇಲ್ಲ, ದೊಡ್ಡ ಮ್ಯಾಚ್ ಇಲ್ಲ ಅಂದ್ರೆ ರ‍್ಯಾಂಕಿಂಗ್ ಮೇಲೆ ಬರೋಕೆ ದಾರಿ ಕಮ್ಮಿ. ಕಳೆದ ಸಲ ವರ್ಲ್ಡ್ ಕಪ್ ಕ್ವಾಲಿಫೈಯರ್‌ನಲ್ಲಿ ಏಷ್ಯಾದ ಮೊದಲ 26 ಟೀಮ್‌ಗಳಿಗೆ ಮೊದಲ ಸುತ್ತು ಆಡೋ ಕೆಲ್ಸ ಇರ್ಲಿಲ್ಲ, 27ರಿಂದ ಕೆಳಗಿನವರು ಮಾತ್ರ ಆಡ್ಬೇಕಿತ್ತು. 142ಕ್ಕೆ ಇಳಿದಾಗ ನಾವು ಏಷ್ಯಾದಲ್ಲಿ ಆ ಗೆರೆ ಹತ್ರವೇ ನಿಂತಿದ್ವಿ. ಅದೇ ನಿಯಮ ಮುಂದುವರಿದ್ರೆ 2030ರ ವರ್ಲ್ಡ್ ಕಪ್ ದಾರಿ ನಮಗೆ ಒಂದು ಸುತ್ತು ಮುಂಚೆನೇ ಶುರುವಾಗಬಹುದು, ಗ್ರೂಪ್ ಹಂತಕ್ಕೆ ಹೋದ್ರೂ ಡ್ರಾನಲ್ಲಿ ಬಲವಾದ ಎದುರಾಳಿಗಳು ಸಿಗ್ತಾರೆ.

ಛೆಟ್ರಿ ಈ ಸಲ ಮತ್ತೆ ವಿದಾಯ ಹೇಳಿದಾರೆ, ಇನ್ನು ಕರೆಯೋ ಪ್ರಶ್ನೆ ಇಲ್ಲ. ಆಸ್ಟ್ರೇಲಿಯಾದಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿಯ ರಯಾನ್ ವಿಲಿಯಮ್ಸ್ ಅಲ್ಲಿನ ಪೌರತ್ವ ಬಿಟ್ಟು ಭಾರತೀಯ ಆಗಿದಾರೆ, ನಮ್ಮ ಕಾನೂನಲ್ಲಿ ಎರಡು ದೇಶದ ಪೌರತ್ವ ಇಟ್ಕೊಳ್ಳೋ ಹಾಗಿಲ್ಲ, ಹಂಗಾಗಿ ಅಂಥ ತ್ಯಾಗ ಮಾಡೋರು ಸಾಲುಗಟ್ಟಿ ಬರಲ್ಲ. ಬಾಂಗ್ಲಾದೇಶಕ್ಕೆ ಇಂಗ್ಲೆಂಡ್‌ನಲ್ಲಿ ಬೆಳೆದ ಹಮ್ಜಾ ಚೌಧರಿ ಸುಲಭವಾಗಿ ಸಿಕ್ಕಿದ್ದು ಅವರ ಕಾನೂನು ಬೇರೆ ಇರೋದ್ರಿಂದ.

ಜಮೀಲ್‌ನ ಈಗ್ಲೇ ತೆಗೀಬೇಕಾ? ಬೇಡ ಅಂತ ನನ್ನ ಅಭಿಪ್ರಾಯ. ಢಾಕಾ ಆದ್ಮೇಲೆ ಕ್ವಾಲಿಫೈಯರ್‌ನಲ್ಲಿ ಉಳಿದಿದ್ದು 2026ರ ಮಾರ್ಚ್ 31ಕ್ಕೆ ನಮ್ಮ ನೆಲದಲ್ಲಿ ಹಾಂಗ್‌ಕಾಂಗ್ ಜೊತೆ ಒಂದೇ ಮ್ಯಾಚ್. ಅಂಥ ಮ್ಯಾಚ್ ನೋಡೋಕೆ ಟಿವಿ ಮುಂದೆ ಕೂತಾಗ ಮೂರು ವಿಷ್ಯ ಗಮನಿಸಿ, ಟೀಮ್‌ಗೆ ಕ್ಯಾಂಪಲ್ಲಿ ಎಷ್ಟು ದಿನ ಸಿಕ್ಕಿತ್ತು, ಸ್ಟ್ರೈಕರ್ ಜಾಗದಲ್ಲಿ ನಿಂತೋನು ತನ್ನ ಕ್ಲಬ್‌ಗೆ ಆ ಜಾಗದಲ್ಲಿ ಎಷ್ಟು ಮ್ಯಾಚ್ ಆಡಿದಾನೆ, ಫಸ್ಟ್ ಹಾಫ್‌ನಲ್ಲಿ ಕಂಡ ತೊಂದರೆ ಸೆಕೆಂಡ್ ಹಾಫ್‌ಗೆ ಸರಿ ಆಯ್ತಾ. ಮೊದಲ ಎರಡಕ್ಕೆ ಉತ್ತರ ಕೊಡ್ಬೇಕಾದೋರು ಫೆಡರೇಷನ್ ಮತ್ತೆ ಕ್ಲಬ್‌ಗಳು, ಮೂರನೇದಕ್ಕೆ ಜಮೀಲ್. ಮಡಗಾಂವ್ ಥರಾನೇ ಮತ್ತೆ ಆದ್ರೆ ಅವರನ್ನ ಮುಂದುವರ್ಸಿ ಅಂತ ವಾದ ಮಾಡೋದು ಕಷ್ಟ. ಲೀಗ್ ಸರಿಯಾಗಿ ನಡೀದೆ ಹೋದ್ರೆ ಮಾತ್ರ ಆಟಗಾರ್ರು ಹೀಗೇ ಮ್ಯಾಚ್ ಇಲ್ಲದ ಕಾಲಲ್ಲಿ ಬರ್ತಾರೆ, ಆಗ ಗೆದ್ರೂ ಸೋತ್ರೂ ಕೋಚ್ ಬಗ್ಗೆ ತೀರ್ಮಾನ ಮಾಡೋಕೆ ಒಂದು ಮ್ಯಾಚ್ ಸಾಲಲ್ಲ.